ನವವಾದ್ಯದೋಷ ಮೀಮಾಂಸೆ: ಹೊಸ ಬೇಸ್ ಗಿಟಾರಿನ ಗೀರನ್ನು ಬಸ್ತಿಹಳ್ಳಿಯ ಕಂಬದೆದುರು ವಿಚಾರಿಸಿದ ಪ್ರಬಂಧ

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯ ಇರಲೇಬೇಕು. ವಿಷಯ: ಹೊಸ ಬೇಸ್ ಗಿಟಾರಿನ ಮೈಮೇಲೆ ಪೆಟ್ಟಿಗೆ ಬಿಚ್ಚಿದ ಕೂಡಲೇ ಕಣ್ಣಿಗೆ ಬೀಳುವ ಕೂದಲೆಳೆಯಷ್ಟು ಗೀರು. ಪ್ರಯೋಜನ: ಇಟ್ಟುಕೊಳ್ಳುವುದೋ ವಾಪಸು ಕಳಿಸುವುದೋ ಎಂಬ ಸಂಶಯದ ನಿವಾರಣೆ. ಅಧಿಕಾರಿ: ಇನ್ನೂ ಕಂತು ಕಟ್ಟುತ್ತಿರುವ ಗಿಟಾರಿಗ. ಇನ್ನು ಸಂಬಂಧ. ಅಮೆರಿಕದಲ್ಲಿ ಹುಟ್ಟಿದ ವಾದ್ಯಕ್ಕೂ ಹಳೇಬೀಡಿನ ಮಗ್ಗುಲಿನ ಬಸ್ತಿಹಳ್ಳಿಗೂ ಏನು ಸಂಬಂಧವೆಂಬುದನ್ನು ಮುಂದೆ ಸಾಧಿಸಲಾಗುವುದು. ಸಾಧಿಸಲಾಗದಿದ್ದರೂ ಪ್ರಬಂಧ ನಿಲ್ಲುವುದಿಲ್ಲ. ವಿಶ್ವವಿದ್ಯಾಲಯಗಳ ಪರಂಪರೆ ಹಾಗಿದೆ.

ದೋಷ ಹುಡುಕುವುದು ಕನ್ನಡಿಗರಿಗೆ ಹೊಸ ಕಸುಬಲ್ಲ. ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’, ತನ್ನ ಮೊದಲ ಪರಿಚ್ಛೇದವನ್ನೇ ದೋಷ ಯಾವುದು, ಅದೋಷ ಯಾವುದು ಎಂಬ ನಿರ್ಣಯಕ್ಕೆ ಮೀಸಲಿಟ್ಟಿದೆ. ಅಲಂಕಾರಗಳ ಸರದಿ ಬರುವುದು ಆಮೇಲೆ. ಇಂಥ ನಾಡಿನವನು ಗಿಟಾರಿನ ಪೆಟ್ಟಿಗೆ ಬಿಚ್ಚಿದಾಗ ಮೊದಲು ತಂತಿ ಮೀಟದೆ ಟಾರ್ಚ್ ಹುಡುಕಿದರೆ ಅದನ್ನು ರೋಗವೆಂದು ಕರೆಯಬಾರದು, ಸಂಸ್ಕಾರ ಎನ್ನಬೇಕು.

ದೋಷಗಳಲ್ಲಿ ಪ್ರಥಮ ಪ್ರಾಶಸ್ತ್ಯ ಕಿತ್ತಳೆ ಸಿಪ್ಪೆಗೆ. ಬಣ್ಣ ಸಿಂಪಡಿಸುವಾಗ ಅದು ಸಮನಾಗಿ ಹರಡಿಕೊಳ್ಳುವ ಮೊದಲೇ ಒಣಗಿದರೆ ಮೈಯೆಲ್ಲ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಬಣ್ಣದಂಗಡಿಯವರೂ ಕಾರಿನ ಗ್ಯಾರೇಜಿನವರೂ ಅದಕ್ಕಿಟ್ಟ ಹೆಸರು ಇದು. ಕೊಂಬಿನ ತಿರುವಿನಲ್ಲಿ ಬಣ್ಣ ಇಳಿದು ಹನಿಗಟ್ಟುವುದು, ಕತ್ತು ಮೈಗೆ ಸೇರುವ ಕಡೆ ಬಿರುಕು ಬಿಡುವುದು, ಪ್ಲಾಸ್ಟಿಕ್ ಹೊದಿಕೆಯ ಸ್ಕ್ರೂ ಒಂದು ಓರೆಯಾಗಿ ಕೂತಿರುವುದು, ಇವೆಲ್ಲ ನಂತರದವು. ಇವುಗಳಲ್ಲಿ ಒಂದೂ ಕಿವಿಗೆ ಕೇಳಿಸುವುದಿಲ್ಲ. ಕತ್ತಿನ ಬಿರುಕು ನಾದವನ್ನು ಕೆಡಿಸುತ್ತದೆ ಎಂಬ ವಾದವೊಂದಿದೆ. ವಾದಿಗಳು ದಣಿದರೂ ವಾದ ದಣಿದಿಲ್ಲ.

ಕಿತ್ತಳೆ ಸಿಪ್ಪೆ ಪತ್ತೆ ಮಾಡಲು ಒಂದು ಸರಳ ಉಪಾಯವಿದೆ. ಗಿಟಾರನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಮೈಯಲ್ಲಿ ಕಾಣುವ ಬೆಳಕಿನ ಗೆರೆ ನೋಡಬೇಕು. ಗೆರೆಯ ಅಂಚು ಚೊಕ್ಕವಾಗಿದ್ದರೆ ಮೈ ನಯವಾಗಿದೆ, ಅಂಚು ನಡುಗಿದರೆ ಸಿಪ್ಪೆ ಇದೆ. ಬಸ್ತಿಹಳ್ಳಿ ಇಲ್ಲಿ ಪ್ರವೇಶಿಸುತ್ತದೆ. ಹೊಯ್ಸಳೇಶ್ವರ ದೇವಾಲಯದಿಂದ ನಡೆದು ಹೋಗುವಷ್ಟೇ ದೂರದಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳಿವೆ. ಪಾರ್ಶ್ವನಾಥ ಬಸದಿಯ ಕಂಬಗಳು ಬಳಪದ ಕಲ್ಲನ್ನು ತಿರುಗಣಿಯಲ್ಲಿ ಕಡೆದು ಕನ್ನಡಿಯಂತೆ ನಯಗೊಳಿಸಿದವು. ಗೈಡ್‌ಗಳು ಪ್ರವಾಸಿಯನ್ನು ಕಂಬದ ಎದುರು ನಿಲ್ಲಿಸಿ ಕೈ ಚಾಚಿ, ಕೈ ಮೇಲೆತ್ತಿ ಎನ್ನುತ್ತಾರೆ. ಉಬ್ಬಿದ ಬಳೆಯಲ್ಲಿ ಆತ ಕುಳ್ಳನಾಗುತ್ತಾನೆ, ತಗ್ಗಿನ ಬಳೆಯಲ್ಲಿ ತಲೆಕೆಳಗಾಗುತ್ತಾನೆ. ಪ್ರವಾಸಿ ನಗುತ್ತಾನೆ, ಗಿಟಾರಿಗ ನಗುವುದಿಲ್ಲ. ಕಂಬದಲ್ಲಿ ಬಾಗಿಲ ಬೆಳಕಿನ ಅಂಚು ನಡುಗಿದೆಯೇ ಎಂದು ಅವನು ಬಗ್ಗಿ ನೋಡುತ್ತಿರುತ್ತಾನೆ. ಕನ್ನಡಿ ಹೊಳಪಿನಷ್ಟು ನಿರ್ದಯ ತಪಾಸಣಾಧಿಕಾರಿ ಮತ್ತೊಬ್ಬನಿಲ್ಲ: ಒರಟು ಕಲ್ಲಿನಲ್ಲಿ ಅಡಗುವ ತಪ್ಪು ನಯವಾದ ಕಲ್ಲಿನಲ್ಲಿ ಅಡಗಲಾರದು. ಅಲ್ಲಿನ ಕುಶಲಕರ್ಮಿಗಳು ಮೆರುಗು ಕೊಟ್ಟದ್ದು ಶೋಕಿಗಷ್ಟೇ ಅಲ್ಲ, ತಮ್ಮ ಮೇಲೆ ತಾವೇ ದೂರು ದಾಖಲಿಸಿಕೊಳ್ಳಲು ಕೂಡ ಎಂಬುದು ಈ ಪ್ರಬಂಧದ ಊಹೆ.

ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ. ಕಟ್ಟಿಸಿದ್ದು ತಂದೆಯ ನೆನಪಿಗೆ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ರಾಜನ ಕೈಸೇರಿದ್ದು ಯುದ್ಧದ ಗೆಲುವು ಮತ್ತು ಪುತ್ರೋತ್ಸವ ಒಟ್ಟಿಗೆ ಒದಗಿದ ಹೊತ್ತಿನಲ್ಲಿ. ಸಂತೋಷಗೊಂಡ ವಿಷ್ಣುವರ್ಧನ ದೇವರಿಗೆ ವಿಜಯ ಪಾರ್ಶ್ವನೆಂದೂ ಮಗನಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಐದು ನಕ್ಷತ್ರದ ಗ್ರಾಹಕ ವಿಮರ್ಶೆಯನ್ನು ಕಲ್ಲಿನಲ್ಲಿ ಕೊರೆಸಿಟ್ಟುಕೊಂಡ ಉದಾಹರಣೆ ಇದಕ್ಕಿಂತ ಚೆನ್ನಾದದ್ದು ಸಿಗಲಿಕ್ಕಿಲ್ಲ. ಗ್ರಾಹಕ ಕಂಬವನ್ನು ಇನ್ನೂ ನೋಡಿರಲಿಲ್ಲ ಎಂಬ ಅಂಶವೂ ಇಂದಿನ ವಿಮರ್ಶೆಗಳಿಗೆ ತಕ್ಕದ್ದೇ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ಗೀರು ದೋಷವೇ ಆಗಿದ್ದರೆ ಜನ ಅದನ್ನು ದುಡ್ಡು ಕೊಟ್ಟು ಕೊಳ್ಳುವುದೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆಗೆ ಆಧಾರವಿದೆ. 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದ ಫೆಂಡರ್ ಕಂಪನಿಯೇ 1990ರ ದಶಕದ ನಡುವಿನಿಂದ ‘ರೆಲಿಕ್’ ಎಂಬ ಸಾಲಿನ ಗಿಟಾರುಗಳನ್ನು ಮಾರುತ್ತ ಬಂದಿದೆ. ಹೊಸ ಗಿಟಾರಿನ ಬಣ್ಣ ಕೆರೆದು, ಅಂಚು ಸವೆಸಿ, ತಗಡಿಗೆ ತುಕ್ಕು ಹಿಡಿಸಿ, ನಲವತ್ತು ವರ್ಷ ಊರೂರು ಸುತ್ತಿ ಬಂದಂತೆ ಮಾಡಿ ಹೆಚ್ಚಿನ ಬೆಲೆಗೆ ಕೊಡುವುದು. ಅಂಗಡಿಯ ಒಂದು ಗೋಡೆಯಲ್ಲಿ ಒಂದೇ ಗೀರಿಗಾಗಿ ರಿಯಾಯಿತಿ ಪಡೆದ ಗಿಟಾರು, ಎದುರು ಗೋಡೆಯಲ್ಲಿ ನೂರು ಗೀರಿಗಾಗಿ ದುಬಾರಿಯಾದ ಗಿಟಾರು. ಹಾಗಾದರೆ ದೋಷವಿರುವುದು ಗೀರಿನಲ್ಲೋ, ಸಂಖ್ಯೆಯ ಕೊರತೆಯಲ್ಲೋ? ಒಂದು ಗೀರು ಅಪಘಾತ, ನೂರು ಗೀರು ಸಂಪ್ರದಾಯ ಎಂದು ಪೂರ್ವಪಕ್ಷ ಬೆವರೊರೆಸಿಕೊಂಡು ಕುಳಿತುಕೊಳ್ಳುತ್ತದೆ.

ಉತ್ತರ ಬೇಲೂರಿನಿಂದ ಬರಬೇಕು. ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷವಿದೆ ಎಂದು ಡಂಕಣಾಚಾರಿಯೆಂಬ ಅಪರಿಚಿತ ಹುಡುಗನೊಬ್ಬ ಹೇಳಿದ ಕಥೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಮೈಗೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಉಳಿ ಇಟ್ಟಾಗ ನೀರೂ ಕಪ್ಪೆಯೂ ಹೊರಬಂದವು. ಜಕಣಾಚಾರಿ ಇತಿಹಾಸದ ವ್ಯಕ್ತಿಯೆಂದು ಬಹುಪಾಲು ಇತಿಹಾಸಕಾರರು ಒಪ್ಪುವುದಿಲ್ಲ, ಆದರೆ ತಪಾಸಣೆಯ ವಿಧಾನವನ್ನು ಯಾರೂ ಆಕ್ಷೇಪಿಸಿಲ್ಲ. ಡಂಕಣಾಚಾರಿ ಹೊರಮೈಯ ಹೊಳಪನ್ನು ದುರುಗುಟ್ಟಿ ನೋಡಲಿಲ್ಲ. ಒಳಗಿನದ್ದು ತಾನಾಗಿ ಹೊರಗೆ ಹೇಳಿಕೊಳ್ಳುವಂಥ ಪರೀಕ್ಷೆ ಮಾಡಿದ. ಹಲಸಿನ ಹಣ್ಣನ್ನು ಬಣ್ಣ ನೋಡಿಯಲ್ಲ, ತಟ್ಟಿ ಕೊಳ್ಳುವ ಜಾಣತನ ಅದು.

ಗಿಟಾರಿನ ಕಪ್ಪೆ ಇರುವುದು ಕತ್ತಿನಲ್ಲಿ. ಅನೇಕ ಗಿಟಾರುಗಳ ಬೆರಳುಹಲಗೆ ಭಾರತದ ಬೀಟೆ ಮರದ್ದು, ನಮ್ಮ ಮಲೆನಾಡಿನಲ್ಲೂ ಬೆಳೆಯುವ ಮರ. ಬೀಟೆ ಸೇರಿದಂತೆ ಆ ಕುಲದ ಮರಗಳೆಲ್ಲ 2017ರ ಜನವರಿಯಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿ, ವಾದ್ಯಗಳು ಕಾಗದಪತ್ರವಿಲ್ಲದೆ ಗಡಿ ದಾಟದಂತಾಯಿತು; 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮರಕ್ಕೆ ಕಾಗದದ ಭಯವಿಲ್ಲ, ಹವೆಯ ಭಯವಿದೆ. ಒಣ ಹವೆಯಲ್ಲಿ ಹಲಗೆ ಅಡ್ಡಡ್ಡಲಾಗಿ ಕುಗ್ಗುತ್ತದೆ, ಅದರಲ್ಲಿ ಬಡಿದಿಟ್ಟ ಲೋಹದ ಫ್ರೆಟ್ ಕುಗ್ಗುವುದಿಲ್ಲ. ಅದರ ತುದಿ ಹಲಗೆಯಾಚೆ ಇಣುಕಿ, ಎಡಗೈ ಜಾರಿಸಿದರೆ ಗರಗಸದ ಹಲ್ಲಿನಂತೆ ಚರ್ಮ ಕೆರೆಯುತ್ತದೆ. ವೀಣೆಯ ಮೆಟ್ಟಿಲುಗಳಾದರೆ ಮೇಣದ ಮೇಲೆ ಕೂತಿರುತ್ತವೆ; ಸ್ವರ ಕೆಟ್ಟರೆ ಮೇಳ ಮತ್ತೆ ಕಟ್ಟಿಸಬಹುದು.

ಹೊಣೆಗಾರಿಕೆಯ ಬಗ್ಗೆ ಒಂದು ಮಾತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮದನಿಕೆಗಳಲ್ಲಿ ಹೆಸರು ಬರೆದು ಹೋದರು. ಇಂದಿನ ಗಿಟಾರಿನಲ್ಲಿ ಸಿಗುವುದು ಕ್ರಮಸಂಖ್ಯೆ. ಪೆಟ್ಟಿಗೆಯಲ್ಲಿ ‘ಪರೀಕ್ಷಿಸಲಾಗಿದೆ’ ಎಂಬ ಚೀಟಿ ಇದ್ದರೂ ಪರೀಕ್ಷಿಸಿದ್ದು ಯಾರು, ಏನನ್ನು ಎಂಬುದನ್ನು ಚೀಟಿ ಗುಟ್ಟಾಗಿಡುತ್ತದೆ.

ಸಿದ್ಧಾಂತ ಹೀಗಿದೆ. ಟಾರ್ಚ್ ಬದಿಗಿಟ್ಟು ಮೊದಲು ಶ್ರುತಿ ಮಾಡಿ. ನಾಲ್ಕು ತಂತಿ, ಇಪ್ಪತ್ತು ಫ್ರೆಟ್, ಖಾಲಿ ತಂತಿಗಳೂ ಸೇರಿ 84 ಸ್ವರ. ಒಂದೊಂದನ್ನೂ ನುಡಿಸಿ ಎಲ್ಲಿ ತಂತಿ ಬಡಿಯುತ್ತದೆ, ಎಲ್ಲಿ ನಾದ ಸಾಯುತ್ತದೆ ಎಂದು ಕೇಳಿ. ಎಂಬತ್ತನಾಲ್ಕು ಲಕ್ಷ ಯೋನಿ ಸುತ್ತಿ ಬಂದ ಜೀವಕ್ಕೆ ಇದು ಭಾರವಲ್ಲ. ಕತ್ತಿನಲ್ಲಿ ಕಪ್ಪೆ ಸಿಕ್ಕರೆ ಯೋಚಿಸದೆ ವಾಪಸು ಕಳಿಸಿ. ಬರೀ ಗೀರು ಸಿಕ್ಕರೆ ಫೋಟೊ ತೆಗೆದು ಬೆಲೆ ಇಳಿಸಲು ಕೇಳಿ. ಹೊಳಪಿಗೂ ಸೇರಿಸಿಯೇ ದುಡ್ಡು ತೆಗೆದುಕೊಂಡಿದ್ದಾರೆ, ಕೇಳುವುದರಲ್ಲಿ ಸಂಕೋಚವೇಕೆ?

ಕೊನೆಗೊಂದು ವಿನಂತಿ. 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರಗಳ ಮೂರು ದೇವಾಲಯಗಳು. ಹಳೇಬೀಡಿಗೆ ಬಂದವರು ಬಸ್ತಿಹಳ್ಳಿಗೂ ನಡೆದು ಹೋಗಿ. ಗಿಟಾರಿನ ಬೆನ್ನಿಗೆ ಅತಿ ಹೆಚ್ಚು ಗೀರು ಎಳೆಯುವುದು ಸೊಂಟದ ಬೆಲ್ಟಿನ ಬಕಲ್. ಕಂಬದಲ್ಲಿ ಮುಖ ನೋಡಿಕೊಳ್ಳುವಾಗ ಅದು ಕಲ್ಲಿಗೆ ತಾಗದಂತೆ ಎರಡು ಹೆಜ್ಜೆ ಹಿಂದೆ ನಿಲ್ಲಿ.