ಅಜ್ಜನ ಮಂಚದ ಎಣ್ಣೆಸ್ನಾನ

ಬಳಗಾನೂರಿನ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಸಾಗವಾನಿ ಮಂಚವೊಂದಿದೆ. ನಿಜಾಮರ ಆಳ್ವಿಕೆ 1948ರಲ್ಲಿ ಮುಗಿಯಿತು. ಈ ಮಂಚದ ದರ್ಬಾರು ಇನ್ನೂ ಮುಗಿದಿಲ್ಲ. ಮಹಾನವಮಿ ಬಂತೆಂದರೆ ಮನೆಮಂದಿಯೆಲ್ಲ ಅದರ ಸೇವೆಗೆ ನಿಲ್ಲಬೇಕು.

ಈ ಸಲ ನಾನು ಹುರುಪಿನಿಂದ ಒಂದು ಕೊಡ ನೀರು ತಂದೆ. "ಏ ತಮ್ಮಾ, ಅದೇನು ಎಮ್ಮಿ ಅಂತ ತಿಳದೀಯೇನು, ಮೈ ತೊಳ್ಯಾಕ?" ಎಂದರು ಕಾಕಾ. ಕಟ್ಟಿಗೆ ನೀರು ಕುಡಿದರೆ ಉಬ್ಬುತ್ತದೆ, ಒಣಗುವಾಗ ಸೀಳುತ್ತದೆ. ಅದರಲ್ಲೂ ರಾಯಚೂರು ಸೀಮೆಯ ಬಿಸಿಲಿಗೆ ಸೀಳಲು ನೆಪವೇ ಬೇಕಿಲ್ಲ. ಹಾಗಾಗಿ ಒಣ ಅರಿವೆಯಿಂದ ಒರೆಸುವುದು, ಕೆತ್ತನೆಯ ಸಂದಿಗೆ ಹಲ್ಲುಜ್ಜುವ ಬ್ರಷ್ಷು. (ಯಾರ ಬ್ರಷ್ಷು ಎಂದು ಮರುದಿನ ಬೆಳಿಗ್ಗೆ ಗೊತ್ತಾಯಿತು.)

ಹೋದ ವರ್ಷ ಅಡುಗೆಮನೆಯ ಶೇಂಗಾ ಎಣ್ಣೆ ಬಳಿದಿದ್ದೆ. ಅದು ಒಣಗಲೇ ಇಲ್ಲ. ಧೂಳು, ಇರುವೆ, ಕೊನೆಗೆ ಕಾಕಾನ ಬಿಳಿ ಧೋತರ, ಎಲ್ಲವೂ ಅಂಟಿಕೊಂಡವು. ಅದಕ್ಕೇ ಈ ಸಲ ಅಗಸೆ ಎಣ್ಣೆ ಬಳಿದೆ. ಅದಾದರೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಆದರೆ ಒರೆಸಿದ ಅರಿವೆಯನ್ನು ಮುದ್ದೆಮಾಡಿ ಎಸೆದರೆ ತಾನೇ ಕಾವು ಏರಿ ಹೊತ್ತಿಕೊಳ್ಳಬಹುದು, ಹರವಿ ಒಣಗಿಸಬೇಕು.

ಹರವಿದೆ. ಅರಿವೆ ಹೊತ್ತಲಿಲ್ಲ. ಅದು ಅಪ್ಪನ ಹೊಸ ಬನಿಯನ್ನು ಎಂದು ಗುರುತು ಹಿಡಿದ ಅವ್ವ ಹೊತ್ತಿಕೊಂಡಳು.