ಹೊಲಿದ ದೋಣಿ

ಮಂಗಳೂರಿಂದ ಬಂದರೆ ಮಾಣಿಯಲ್ಲಿ ಬಲಕ್ಕೆ ಮೈಸೂರು, ನೇರ ಬೆಂಗಳೂರು. ಕಡಲು ಮಾತ್ರ ಬೆನ್ನ ಹಿಂದೆ. ಇಂಥಲ್ಲಿ ನನಗೆ ಹಾಯಿದೋಣಿಯ ಮರುಳು! ಬ್ರಿಟನ್ನಿನಲ್ಲಿ 1962ರಲ್ಲಿ ಹುಟ್ಟಿದ ‘ಮಿರರ್’ ದೋಣಿಯ ಕ್ರಮವಂತೆ: ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಫೈಬರ್ ಪಟ್ಟಿ, ರಾಳ ಮೆತ್ತುವುದು. ಹೊಲಿಗೆ ನಮಗೆ ಹೊಸತೇ? ಪಡುಗಡಲಿನ ಹಳೆಯ ದೋಣಿಗಳನ್ನು ತೆಂಗಿನ ಹುರಿಯಲ್ಲಿ ಹೊಲಿಯುತ್ತಿದ್ದರು. ತೋಟಕ್ಕೆ ಮೈಲುತುತ್ತು ಬಿಡುವವರಿಗೆ ತಾಮ್ರವೂ ಹೊಸತಲ್ಲ.

ಆಟಿಯಲ್ಲಿ ಚಾವಡಿ ತುಂಬ ಹಲಗೆ ಹರಡಿದೆ. ಮಳೆಯ ಥಂಡಿಗೆ ಸಂದಿಯ ರಾಳ ಮೂರು ದಿನವಾದರೂ ಗಟ್ಟಿಯಾಗಲಿಲ್ಲ. ಮೊಣಕೈಯದು ಮಾತ್ರ ಕೂಡಲೇ ಹಿಡಿಯಿತು.

ಹನ್ನೊಂದಡಿ ದೋಣಿ ಮುಗಿಯುವಾಗ ಮಾರ್ಚ್. ಭಾವ ಬಂದು, ಸುತ್ತು ಹಾಕಿ, ಕವಳ ಉಗಿದು ಕೇಳಿದ: “ದೋಣಿ ಆಯ್ತು ಭಾವಯ್ಯ, ನೀರು? ನೇತ್ರಾವತಿಯಲ್ಲಿ ಈಗ ಬಂಡೆ ಎಣಿಸಬಹುದು.”

ಸದ್ಯ ಅಂಗಳದಲ್ಲಿ, ಕೆಂಪು ಹಾಯಿಯ ಮೇಲೆ, ಕಾಳುಮೆಣಸು ಒಣಗುತ್ತಿದೆ.