ತಪ್ಪನ್ನೂ ತಪ್ಪಿಲ್ಲದೆ

ಬಿಡುವು ಸಿಕ್ಕರೆ ಕೆಲವರು ಬೆಟ್ಟ ಹತ್ತುತ್ತಾರೆ, ಕೆಲವರು ಉಪ್ಪಿನಕಾಯಿ ಹಾಕುತ್ತಾರೆ. ನಾನು ಬ್ರೌಸರಿನೊಳಗೆ ಗೇಮ್ ಬಾಯ್ ಎಮ್ಯುಲೇಟರ್, ಅಂದರೆ ಆ ಯಂತ್ರದ ಹಾಗೆಯೇ ನಡೆದುಕೊಳ್ಳುವ ಪ್ರೋಗ್ರಾಮ್, ಕಟ್ಟಲು ಕೂತೆ. "ಆಟ ಆಡೋದು ಬಿಟ್ಟು ಆಟದ ಡಬ್ಬಿ ಯಾಕ್ರೀ ಕಟ್ತೀರಿ?" ಎಂದು ಹೆಂಡತಿ ಕೇಳಿದ್ದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ಗೇಮ್ ಬಾಯ್ 1989ರಲ್ಲಿ ಜಪಾನಿನ ನಿಂಟೆಂಡೊ ಹೊರತಂದ, ಅಂಗೈಯಲ್ಲಿ ಹಿಡಿದು ಆಡುವ ಯಂತ್ರ. ಅದರ ಹಿಂದಿದ್ದ ಗುನ್‌ಪೇ ಯೊಕೊಯ್ ಹೊಸತಿನ ಬೆನ್ನು ಹತ್ತಿದವರಲ್ಲ; ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನೇ ನೆಚ್ಚಿದವರು. ನಾಲ್ಕೇ ಛಾಯೆಗಳ ಹಸಿರು ಪರದೆ, 8 ಕಿಲೋಬೈಟ್ ಮೆಮೊರಿ, ನಾಲ್ಕು ಪೆನ್ಸಿಲ್ ಸೆಲ್ಲು. ಇಷ್ಟನ್ನು ನನ್ನ ಲ್ಯಾಪ್‌ಟಾಪು ನಿದ್ದೆಗಣ್ಣಿನಲ್ಲೇ ನಡೆಸೀತು. ಕಷ್ಟವಿರುವುದು ಅದನ್ನು ನಿಧಾನ ಮಾಡುವುದರಲ್ಲಿ. ಗೇಮ್ ಬಾಯ್ ಸೆಕೆಂಡಿಗೆ ಸುಮಾರು 59.7 ಸಲ ಚಿತ್ರ ಬರೆಯುತ್ತದೆ. ಬ್ರೌಸರು ಕರೆದಾಗಲೆಲ್ಲ ಒಂದು ಚಿತ್ರ ಬರೆದರಾಯಿತು ಎಂದು ಬಿಟ್ಟರೆ, ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ ಪರದೆಯಲ್ಲಿ ಟೆಟ್ರಿಸ್ ಆಟದ ಕಲ್ಲುಗಳು ಆಲಿಕಲ್ಲಿನಂತೆ ಉದುರುತ್ತವೆ. ಆದ್ದರಿಂದ ಗಡಿಯಾರ ನೋಡಿ "ತಾಳು ಮಾರಾಯ" ಎನ್ನುವ ಕೋಡೂ ಬೇಕು.

ಯಂತ್ರದ ಸ್ವಿಚ್ ಹಾಕಿದರೆ ಮೊದಲು ಓಡುವುದು 256 ಬೈಟಿನ ಪುಟ್ಟ ಪ್ರೋಗ್ರಾಮ್. ಅದು ಆಟ ತುಂಬಿದ ಕಾರ್ಟ್ರಿಜ್‌ನಲ್ಲಿರುವ ನಿಂಟೆಂಡೊ ಲಾಂಛನವನ್ನು ಪರದೆಯ ಮೇಲಿಂದ ಇಳಿಸಿ, ತನ್ನಲ್ಲಿರುವ ಪ್ರತಿಯೊಡನೆ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಅಲ್ಲೇ ಮುಷ್ಕರ. ಕಾರ್ಟ್ರಿಜ್ಜೇ ಇಲ್ಲದಿದ್ದರೆ ಲಾಂಛನದ ಬದಲು ಬರೀ ಕಪ್ಪು ಪಟ್ಟಿ ಇಳಿಯುತ್ತದೆ. ನನ್ನ ಎಮ್ಯುಲೇಟರಿನಲ್ಲಿ ಆ ಪಟ್ಟಿ ಸರಿಯಾಗಿ ಇಳಿದು ನಿಂತಾಗ ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ. "ಕೆಟ್ಟು ಹೋಯ್ತೇನೋ?" ಎಂದರು ಅಮ್ಮ.

ಕೆಟ್ಟಿದ್ದನ್ನು ಕೆಟ್ಟ ಹಾಗೆಯೇ ಉಳಿಸುವುದೇ ಈ ಕಸುಬಿನ ಮರ್ಮ ಎಂದು ಅವರಿಗೆ ಹೇಗೆ ಹೇಳಲಿ? ಪ್ರೊಸೆಸರನ್ನು ಮಲಗಿಸಲು 'ಹಾಲ್ಟ್' ಎಂಬ ಆದೇಶವಿದೆ. ಇಂಟರಪ್ಟುಗಳಿಗೆ, ಅಂದರೆ ಕೆಲಸದ ನಡುವೆ ತಡೆದು ಕರೆಯುವ ಸಂಕೇತಗಳಿಗೆ, ಬಾಗಿಲು ಹಾಕಿದ್ದು, ಒಂದು ಆಗಲೇ ಹೊಸ್ತಿಲಲ್ಲಿ ಕಾಯುತ್ತಿದ್ದರೆ, ಪ್ರೊಸೆಸರು ಮಲಗುವುದೂ ಇಲ್ಲ, ಮುಂದಿನ ಬೈಟನ್ನು ಎರಡು ಸಲ ಓದಿಬಿಡುತ್ತದೆ. ಚಿಪ್‌ನ ಹುಟ್ಟುದೋಷವದು. ನಾವು ಆ ತಪ್ಪನ್ನೂ ತಪ್ಪಿಲ್ಲದೆ ಮಾಡಬೇಕು. ಬ್ರೌಸರಿಗಂತೂ ತನ್ನದೇ ಮಡಿ: ಆಡುವವರು ಒಮ್ಮೆ ಒತ್ತುವವರೆಗೆ ಅಥವಾ ಮುಟ್ಟುವವರೆಗೆ ಸದ್ದು ಹೊರಡಿಸಲು ಬಿಡುವುದಿಲ್ಲ.

ನೀವೂ ಕೈಹಾಕುವುದಾದರೆ ನೇರ ಆಟಕ್ಕೆ ಹೋಗಬೇಡಿ. ಹವ್ಯಾಸಿಗಳು ಬರೆದಿಟ್ಟ ಪರೀಕ್ಷಾ ಪ್ರೋಗ್ರಾಮ್‌ಗಳಿವೆ. ಮೊದಲು ಪ್ರೊಸೆಸರು ಅವುಗಳಲ್ಲಿ ಪಾಸಾಗಲಿ, ಆಮೇಲೆ ಪರದೆ. ಸದ್ದನ್ನು ಕೊನೆಗಿಟ್ಟುಕೊಳ್ಳಿ, ಮನೆಯವರ ನೆಮ್ಮದಿಗೂ ಅದೇ ಒಳ್ಳೆಯದು.